ಯಾವ ಬೇಸ್ ಗಿಟಾರ್ ತಗೊಳ್ಳಲಿ? ತಗೊಳ್ಳಿ, ಉತ್ತರ

ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಯಮಹಾದ ಟಿಆರ್‌ಬಿಎಕ್ಸ್ 174. ಐಬನೆಜ್‌ನ ಜಿಎಸ್‌ಆರ್ ಸಾಲಿನದು. ಕೋರ್ಟ್ ಅನ್ನುವ ಕಂಪನಿಯ ಆಕ್ಷನ್ ಸಾಲಿನದು. ಸ್ಕ್ವಯರ್‌ನ ಅಫಿನಿಟಿ ಸಾಲಿನದು. ಇವುಗಳಲ್ಲಿ ಯಾವುದು ನಿಮ್ಮೂರ ಅಂಗಡಿಯಲ್ಲಿ ಸಿಗುತ್ತದೋ, ಯಾವುದಕ್ಕೆ ದುಡ್ಡು ಸಾಲುತ್ತದೋ, ಯಾವುದು ತೊಡೆಯ ಮೇಲೆ ಇಟ್ಟುಕೊಂಡರೆ ಹಿತ ಅನ್ನಿಸುತ್ತದೋ ಅದನ್ನು ತಗೊಳ್ಳಿ. ಮುಗಿಯಿತು. ಹೆಸರಿಗಾಗಿ ಬಂದವರು ಇನ್ನು ಹೊರಡಬಹುದು.

ಯಾರೂ ಹೊರಡುವುದಿಲ್ಲ ಅಂತ ನನಗೆ ಗೊತ್ತು. ನಾಲ್ಕು ಹೆಸರು ಹೇಳಿದರೆ "ಅದರಲ್ಲಿ ಯಾವುದು ಅಕ್ಕ?" ಅನ್ನುತ್ತಾರೆ. ಒಂದೇ ಹೇಳಿದರೆ "ಅದು ಬಿಟ್ಟು ಬೇರೆ?" ಅನ್ನುತ್ತಾರೆ. ಯಾವುದನ್ನೂ ಹೇಳದಿದ್ದರೆ "ಜಂಬ ನೋಡು" ಅನ್ನುತ್ತಾರೆ. ಮೈಸೂರಿನಲ್ಲಿ ಕೂತು ನಾಲ್ಕು ಜನರ ಬೇಸ್ ರಿಪೇರಿ ಮಾಡಿಕೊಡುವವಳಿಗೆ ಎಷ್ಟು ಜಂಬ ಇರಬಹುದು, ನೀವೇ ಹೇಳಿ.

ಕೇಳುವ ರೀತಿಯೇ ನನಗೆ ಆಗಿಬರುವುದಿಲ್ಲ. ಮೊದಲು ಬಜೆಟ್ ಹೇಳುತ್ತಾರೆ, ಆಮೇಲೆ ಬಣ್ಣ. ಎಲ್ಲಿ ನುಡಿಸುತ್ತೀಯಪ್ಪಾ, ಕಾಲೇಜ್ ಬ್ಯಾಂಡಾ, ಚರ್ಚಾ, ಗಣೇಶನ ಹಬ್ಬದ ಆರ್ಕೆಸ್ಟ್ರಾನಾ ಅಂತ ಕೇಳಿದರೆ "ಹಾಗೇನಿಲ್ಲ, ಸುಮ್ನೆ" ಅನ್ನುತ್ತಾರೆ. ಸುಮ್ನೆ ನುಡಿಸೋದಕ್ಕೆ ಸುಮ್ನೆ ಯಾವುದಾದರೂ ಆಗುತ್ತದೆ. ಇನ್ನು ಕೆಲವರು "ನಾಲ್ಕೇ ತಂತಿ ಅಲ್ವಾ, ಈಸಿ" ಅಂತ ಶುರು ಮಾಡುತ್ತಾರೆ. ಅವರಿಗೆ ನನ್ನ ಹತ್ತಿರ ಉತ್ತರವೇ ಇಲ್ಲ. ಏಕತಾರಿಗೆ ಒಂದೇ ತಂತಿ. ಹೋಗಿ, ನುಡಿಸಿ.

ಬೇಸ್‌ಗಳ ನಡುವೆ ವ್ಯತ್ಯಾಸವೇ ಇಲ್ಲ ಅನ್ನುತ್ತಿಲ್ಲ. 1951ರಲ್ಲಿ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ಪ್ರಿಸಿಷನ್ ಬೇಸ್ ತಂದರು. ಕೈ ಹಿಡಿಯುವ ಉದ್ದನೆ ಕತ್ತು ನೆಕ್, ಅದರ ತುದಿಯಲ್ಲಿ ತಂತಿ ಕೂರುವ ಪಟ್ಟಿ ನಟ್, ದೇಹದ ಮೇಲೆ ತಂತಿ ಕೂರುವ ಜಾಗ ಬ್ರಿಜ್. ನಟ್‌ನಿಂದ ಬ್ರಿಜ್‌ವರೆಗೆ 34 ಇಂಚು. ಇವತ್ತಿಗೂ ಬಹುಪಾಲು ಬೇಸ್‌ಗಳ ಅಳತೆ ಅದೇ. 1960ರಲ್ಲಿ ಜಾಝ್ ಬೇಸ್ ಬಂತು. ಉದ್ದ ಅಷ್ಟೇ, ಆದರೆ ನೆಕ್ ನಟ್‌ನ ಹತ್ತಿರ ಸಣ್ಣ, ಸುಮಾರು 38 ಮಿಮೀ. ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಕಳಿಸುವ ಪಿಕಪ್ ಎರಡು. ದಪ್ಪ ನೆಕ್, ಒಂದೇ ಪಿಕಪ್, ದುಂಡನೆ ದನಿ ಬೇಕಾದವರಿಗೆ ಪ್ರಿಸಿಷನ್ ತರಹದ್ದು. ಸಣ್ಣ ನೆಕ್, ದನಿಯಲ್ಲಿ ಸ್ವಲ್ಪ ಮೊನಚು ಬೇಕಾದವರಿಗೆ ಜಾಝ್ ತರಹದ್ದು. ಅಂಗಡಿಯಲ್ಲಿರುವ ಬಹಳಷ್ಟು ಬೇಸ್‌ಗಳು ಇವೆರಡರ ಮಕ್ಕಳು, ಮೊಮ್ಮಕ್ಕಳು.

ನನಗೆ ಮಾತ್ರ ಕೇಳುವ ಇನ್ನೊಂದು ಪ್ರಶ್ನೆ ಇದೆ. "ಹೆಣ್ಮಕ್ಕಳ ಕೈಗೆ 34 ಇಂಚು ಜಾಸ್ತಿ ಆಗಲ್ವಾ?" 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಕ್ಯಾರಲ್ ಕೇ ಅದೇ 34 ಇಂಚಿನ ಪ್ರಿಸಿಷನ್ ಹಿಡಿದು ರೆಕಾರ್ಡಿಂಗ್ ಮೇಲೆ ರೆಕಾರ್ಡಿಂಗ್ ಮಾಡಿದರು. ನಮ್ಮ ದೇಶದವರೇ ಆದ ಬೇಸ್ ವಾದಕಿ ಮೋಹಿನಿ ಡೇ ಇದ್ದಾರೆ, ಒಮ್ಮೆ ನೋಡಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹೆಸರುವಾಸಿ ಮಾಡಿದ ಹಾಫ್ನರ್ ಬೇಸ್ 30 ಇಂಚಿನದು. ಅವರ ಕೈ ಚಿಕ್ಕದಾ ಅಂತ ಯಾರಾದರೂ ಕೇಳಿದ್ದರಾ? ಇಂಥ ಕಮ್ಮಿ ಉದ್ದದ ಶಾರ್ಟ್ ಸ್ಕೇಲ್ ಇಷ್ಟವಾದರೆ ತಗೊಳ್ಳಿ. ಇಷ್ಟ ಅಂತಲೇ ಹೇಳಿ ತಗೊಳ್ಳಿ, ಕೈ ಮೇಲೆ ಯಾಕೆ ಹಾಕುತ್ತೀರಿ?

ಸರಿ, ಹಾಸನದಲ್ಲಿ ಒಂದು ಮದುವೆಗೆ ಹೋಗಿದ್ದೆ, ಆ ವಿಷಯಕ್ಕೆ ಬರುತ್ತೇನೆ. ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಮುಂದೆ ಒಬ್ಬ ದೊಡ್ಡಪ್ಪ. ಯಾರ ದೊಡ್ಡಪ್ಪ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೋಸಂಬರಿ ಬಡಿಸುವ ಹೊತ್ತಿಗೆ ಶುರು ಮಾಡಿದರು.

"ಏನಮ್ಮಾ, ನೀನು ಗಿಟಾರ್ ಬಾರಿಸ್ತೀಯಂತೆ?"

"ಬೇಸ್ ದೊಡ್ಡಪ್ಪ."

"ಅದೇ. ನಮ್ ಹುಡುಗಂಗೆ ಒಂದು ಹೇಳು. 40 ಸಾವಿರದೊಳಗೆ. ಇರೋದನ್ನ ಮಾರಿಬಿಡ್ತಾನಂತೆ."

ಎಡಗೈಯಲ್ಲಿ ಫೋನ್ ಹಿಡಿದು ತೋರಿಸಿದರು. ಎರಡು ಬೇಸ್‌ಗಳ ಫೋಟೋ. ಒಂದು ಕೆಂಪು, ಒಂದು ಕಪ್ಪು. ನಾನು ಇರುವುದಕ್ಕೆ ಏನಾಗಿದೆ ಅಂತ ಕೇಳಿದೆ. "ಅದೇನೋ ಡಬ್ಬಾ ಅಂತೆ" ಅಂದರು.

ಹುಡುಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವನು. ಕೈ ತೊಳೆಯುವಲ್ಲಿ ಸಿಕ್ಕಿದ. "ಅಕ್ಕ, ಐದನೇ ಫ್ರೆಟ್ ದಾಟಿದ್ರೆ ಬೆರಳು ಕಿತ್ತು ಬರುತ್ತೆ. ಮೇಲಕ್ಕೆ ಹೋದಷ್ಟೂ ಶ್ರುತಿ ಹೋಗುತ್ತೆ. ನನ್ನ ಬಜೆಟ್ ಕಮ್ಮಿ ಇತ್ತು, ಅದಕ್ಕೇ ಹೀಗೆ." ಫ್ರೆಟ್ ಅಂದರೆ ನೆಕ್‌ಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ. ಪಾಪ, ತಪ್ಪೆಲ್ಲ ತನ್ನ ಬಡತನದ್ದು ಅಂತ ಅವನು ನಂಬಿಬಿಟ್ಟಿದ್ದ. ಬೇಸ್ ಅವರ ಮನೆಯ ಮಹಡಿಯಲ್ಲೇ ಇತ್ತು. ಸೀರೆ ಉಟ್ಟರೂ ನನ್ನ ಬ್ಯಾಗಿನಲ್ಲಿ ಸ್ಕ್ರೂ ತಿರುಗಿಸುವ ಅಲನ್ ಕೀ ಸೆಟ್ ಇರುತ್ತದೆ. ನಗಬೇಡಿ. ನಿಮ್ಮಲ್ಲಿ ಕೆಲವರು ಚಾರ್ಜರ್ ಇಲ್ಲದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ.

ನೋಡಿದರೆ ತಂತಿ ಎಲ್ಲವೂ ಕಂಪನಿಯಿಂದ ಬಂದವೇ. ಕರ್ರಗೆ ತುಕ್ಕು. 17ನೇ ಫ್ರೆಟ್‌ನ ಮೇಲೆ ದಪ್ಪ ತಂತಿ 5 ಮಿಮೀ ಎತ್ತರದಲ್ಲಿ ತೂಗುತ್ತಿತ್ತು. ಅಂಗಡಿಯವರು ಡಬ್ಬಿಯಿಂದ ತೆಗೆದು ಹಾಗೇ ಕೈಗಿಟ್ಟಿದ್ದಾರೆ. ಆಮೇಲೆ ಮಂಗಳೂರಿನ ಮಳೆಗಾಲ, ಹಾಸ್ಟೆಲ್ ಗೋಡೆ, ಬ್ಯಾಗ್ ಇಲ್ಲ. ಮರ ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ನೆಕ್ ಬಾಗುವುದರಲ್ಲಿ ಏನು ಆಶ್ಚರ್ಯ?

ಹೊಸ ತಂತಿಯ ಸೆಟ್ ಮಾತ್ರ ಅವನ ಹತ್ತಿರ ಇತ್ತು. ಕೊಂಡು ಹಾಗೇ ಇಟ್ಟಿದ್ದ. ಅದನ್ನು ಹಾಕಿ, ಇ, ಎ, ಡಿ, ಜಿಗೆ ಶ್ರುತಿ ಮಾಡಿದೆವು. ಇದು ಮೊದಲ ಕೆಲಸ, ಯಾಕೆಂದರೆ ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 70-80 ಕೆಜಿ ಬಲದಿಂದ ಎಳೆಯುತ್ತವೆ. ಆ ಎಳೆತ ಇರುವಾಗಲೇ ಅಳೆಯಬೇಕು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಸ್ಕೇಲು. ಏಳು, ಎಂಟನೇ ಫ್ರೆಟ್‌ನ ಮೇಲೆ ಸಂದು ಎಷ್ಟಿದೆ ನೋಡಿ. ಸುಮಾರು 0.3 ಮಿಮೀ ಇದ್ದರೆ ಸಾಕು, ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಮದುವೆಯ ಫೋಟೋಗ್ರಾಫರ್ ಕೊಟ್ಟಿದ್ದ ಕಾರ್ಡ್ ಇತ್ತು. ಅದನ್ನು ಮಡಚಿ, ಮತ್ತೆ ಮಡಚಿ ತೂರಿಸಿದರೂ ತೂರುತ್ತಿತ್ತು.

ನೆಕ್‌ನ ಒಳಗೆ ಟ್ರಸ್ ರಾಡ್ ಅಂತ ಒಂದು ಉಕ್ಕಿನ ಸಲಾಕೆ ಇರುತ್ತದೆ. ತಂತಿಗಳು ಮುಂದಕ್ಕೆ ಎಳೆದರೆ ಅದು ಹಿಂದಕ್ಕೆ ಹಿಡಿದಿರುತ್ತದೆ. ಅದರ ತುದಿಯ ತಿರುಪು ನಟ್ಟನ್ನು (ತಂತಿ ಕೂರುವ ನಟ್ ಬೇರೆ) ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತದೆ, ಸಂದು ಕಮ್ಮಿಯಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ತಿರುಗದೆ ಹಠ ಹಿಡಿದರೆ ಅಲ್ಲಿಗೇ ಬಿಟ್ಟು, ಬಲ್ಲವರ ಹತ್ತಿರ ಹೋಗಿ. ರಾಡ್ ಮುರಿದರೆ ಬಹಳ ಸಲ ನೆಕ್ಕೇ ಹೊಸದು ಬೇಕಾಗುತ್ತದೆ.

ಆಮೇಲೆ ಬ್ರಿಜ್‌ನ ಸ್ಯಾಡಲ್‌ಗಳು, ಅಂದರೆ ಒಂದೊಂದು ತಂತಿಯೂ ಕೂರುವ ಪುಟ್ಟ ತುಂಡುಗಳು. 17ನೇ ಫ್ರೆಟ್‌ನಲ್ಲಿ ತಂತಿ 2ರಿಂದ 2.5 ಮಿಮೀ ಎತ್ತರಕ್ಕೆ ಬರುವ ಹಾಗೆ ಇಳಿಸಿದೆ. ದಪ್ಪ ತಂತಿ ಜಾಸ್ತಿ ಅಗಲಕ್ಕೆ ಅಲುಗಾಡುತ್ತದೆ, ಅದಕ್ಕೆ ಕೂದಲೆಳೆಯಷ್ಟು ಮೇಲೆ ಬಿಡಬೇಕು. ಇಂಟೋನೇಶನ್, ಅಂದರೆ ನೆಕ್‌ನ ಉದ್ದಕ್ಕೂ ಶ್ರುತಿ ಸರಿ ಇರುವುದು, ಯಾವಾಗಲೂ ಕೊನೆಗೆ. 12ನೇ ಫ್ರೆಟ್‌ನ ಹಾರ್ಮೋನಿಕ್ (ಒತ್ತದೆ ಬರೀ ಬೆರಳು ತಾಗಿಸಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ, ಎರಡೂ ಟ್ಯೂನರ್‌ನಲ್ಲಿ ಒಂದೇ ಕಡೆ ನಿಲ್ಲಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್‌ನ ಕಡೆಗೆ. ಹುಡುಗನ ಬೇಸ್‌ನಲ್ಲಿ ನಾಲ್ಕೂ ಏರಿದ್ದವು. ಅವನ ಕಿವಿ ಸರಿಯಾಗಿಯೇ ಇತ್ತು.

ಅವನು ಕೂತು ನುಡಿಸಿದ. ಹತ್ತನೇ ಫ್ರೆಟ್‌ಗೆ ಹೋದ, ಹನ್ನೆರಡಕ್ಕೆ ಹೋದ. ಬೆರಳು ಕಿತ್ತು ಬರಲಿಲ್ಲ. ಇಷ್ಟಕ್ಕೆಲ್ಲ ಖರ್ಚಾಗಿದ್ದು ಅವನ ಹತ್ತಿರ ಮೊದಲೇ ಇದ್ದ ತಂತಿ. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ದೊಡ್ಡಪ್ಪ ಕೇಳಿದರು: "ಹಾಗಾದ್ರೆ ಯಾವ್ದು ತಗೊಳ್ಳೋದು?"

ಅವತ್ತಿನಿಂದ ಈ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳುವುದನ್ನು ನಿಲ್ಲಿಸಿದ್ದೇನೆ.

ನನ್ನನ್ನು ಕೇಳಬೇಕಾದದ್ದು ಬೇರೆ. "ಅಕ್ಕ, ಇದು ಯಾಕೆ ಜಿರ್ ಅನ್ನುತ್ತೆ?" ಅಂತ ಕೇಳಿ, ಕಾಫಿ ಕೊಟ್ಟು ಕೂರಿಸಿಕೊಂಡು ಹೇಳುತ್ತೇನೆ. ತಂಬೂರಿಗೆ ತಂತಿಯ ಕೆಳಗೆ ಜೀವಾಳದ ದಾರ ಇಟ್ಟು ಆ ಝೇಂಕಾರವನ್ನು ಬೇಕಂತಲೇ ತರಿಸುತ್ತೇವೆ. ಬೇಸ್‌ನಲ್ಲಿ ಬೇಡದೆಯೂ ಬರುತ್ತದೆ. ಎಲ್ಲಿ ಬರುತ್ತದೆ ಅನ್ನುವುದರಲ್ಲೇ ಕಾರಣವೂ ಇರುತ್ತದೆ. ನಟ್‌ನ ಹತ್ತಿರದ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಬಂದರೆ ನೆಕ್ ಅತಿಯಾಗಿ ನೆಟ್ಟಗಿದೆ, ರಾಡನ್ನು ಸ್ವಲ್ಪ ಸಡಿಲಿಸಬೇಕು. ದೇಹದ ಕಡೆಯ ಫ್ರೆಟ್‌ಗಳಲ್ಲಿ ಬಂದರೆ ಬಹಳ ಸಲ ಸ್ಯಾಡಲ್ ತಗ್ಗಿದೆ. ಒಂದೇ ಒಂದು ಜಾಗದಲ್ಲಿ ಮಾತ್ರ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಆಂಪ್‌ನಲ್ಲಿ ಕೇಳಿಸದೆ ಬರಿಗಿವಿಗೆ ಮಾತ್ರ ಕೇಳಿಸುವ ಜಿರ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಕೇಳುವವರಿಗೆ ಅದು ಮುಟ್ಟುವುದಿಲ್ಲ.

ತಂತಿ ಬದಲಿಸಿ ಅಂದಾಗ ಒಬ್ಬರಾದರೂ ಜೇಮ್ಸ್ ಜೇಮರ್‌ಸನ್ ಹೆಸರು ತೆಗೆಯುತ್ತಾರೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದವರು. ತುಂಡಾಗುವ ತನಕ ತಂತಿ ಬದಲಿಸುತ್ತಿರಲಿಲ್ಲ ಅನ್ನುವುದು ಅವರ ಬಗ್ಗೆ ಪ್ರಸಿದ್ಧವಾದ ಮಾತು. ನಿಜ. ಆದರೆ ಅವು ಫ್ಲಾಟ್‌ವೂಂಡ್, ಚಪ್ಪಟೆ ಎಳೆ ಸುತ್ತಿದವು, ಮೇಲ್ಮೈ ನುಣುಪು, ಕೊಳೆ ಕೂರಲು ಸಂದಿಲ್ಲ. ನಿಮ್ಮದು ರೌಂಡ್‌ವೂಂಡ್, ದುಂಡು ಎಳೆ ಸುತ್ತಿದ್ದು, ಸಂದಿಗೊಂದು ಚಿಪ್ಸ್ ಪುಡಿ. ಅವರ ತಂತಿಗಳು ಬಹಳ ಎತ್ತರದಲ್ಲಿದ್ದವು ಅಂತಲೂ ವಾದ ಮಾಡುತ್ತಾರೆ. ಅದೂ ನಿಜವೇ, ನಾನು ಇಷ್ಟೊತ್ತು ಹೇಳಿದ್ದಕ್ಕೆ ಪೂರ್ತಿ ವಿರುದ್ಧ. ನಿಲ್ಲಿಸಿ ನುಡಿಸುವ ದೊಡ್ಡ ಡಬಲ್ ಬೇಸ್ ನುಡಿಸಿ ಗಟ್ಟಿಯಾದ ಕೈ ಅದು, ಬಲಗೈಯ ಒಂದೇ ಬೆರಳಿನಲ್ಲಿ ಅಷ್ಟನ್ನೂ ನುಡಿಸಿದರು. ನಿಮಗೂ ಆ ಕೈ ಇದ್ದರೆ ಸೆಟಪ್ಪೂ (ಹುಡುಗನ ಬೇಸ್‌ಗೆ ಮಾಡಿದ್ದೆಲ್ಲ ಅದೇ) ಬೇಡ, ನಾನೂ ಬೇಡ.

ಹೊಸ ಸೆಟ್ ದುಬಾರಿ, ಒಪ್ಪುತ್ತೇನೆ. ಹಳೆಯ ರೌಂಡ್‌ವೂಂಡ್ ತಂತಿಯನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಚೆನ್ನಾಗಿ ಒಣಗಿಸಿ ಹಾಕಿದರೆ ದನಿ ಕೆಲವು ದಿನ ಮತ್ತೆ ಹೊಳೆಯುತ್ತದೆ. ತುಕ್ಕು ಹಿಡಿದಿದ್ದರೆ ಆಗುವುದಿಲ್ಲ. ಸಾರಿನ ಪಾತ್ರೆಯಲ್ಲಿ ಮಾಡಬೇಡಿ. ನಮ್ಮಮ್ಮ ಆ ಪಾತ್ರೆಯನ್ನು ಅಡುಗೆಮನೆಗೆ ಮತ್ತೆ ಸೇರಿಸಲಿಲ್ಲ.

ಆಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಗೆ ಹೆಡ್‌ಫೋನ್ ಸಾಕು. ಆದರೆ ಬೇಸ್ ಕೇಳಿಸುವುದೇ ಇಲ್ಲ ಅಂತ ಫೋನಿನ ಸ್ಪೀಕರಿನಲ್ಲಿ ರೆಕಾರ್ಡಿಂಗ್ ಹಾಕಿ ತೋರಿಸುವವರಿಗೆ ಒಂದು ಮಾತು. ದಪ್ಪ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ದನಿಗೆ ಬೇಕಾದಷ್ಟು ಗಾಳಿಯನ್ನು ನೂಕುವ ಶಕ್ತಿ ಆ ಪುಟ್ಟ ಸ್ಪೀಕರಿಗಿಲ್ಲ. ಅದಕ್ಕೆ ಪಿಕಪ್ ಬದಲಿಸಬೇಡಿ, ಹೆಡ್‌ಫೋನ್ ಹಾಕಿ.

ಫಿಂಗರ್‌ಬೋರ್ಡಿಗೆ, ಅಂದರೆ ಫ್ರೆಟ್‌ಗಳು ಕೂತಿರುವ ಮರದ ಪಟ್ಟಿಗೆ, ಕೊಬ್ಬರಿ ಎಣ್ಣೆ ಹಚ್ಚುವವರಿಗೂ ಒಂದು ಮಾತು. ಹಚ್ಚಬೇಡಿ. ಕಮಟುತ್ತದೆ, ಧೂಳು ಹಿಡಿಯುತ್ತದೆ. ಅದು ರೋಸ್‌ವುಡ್ ಆಗಿದ್ದರೆ, ಅಂದರೆ ನಮ್ಮ ಘಟ್ಟದಲ್ಲೂ ಬೆಳೆಯುವ ಬೀಟೆಯಾಗಿದ್ದರೆ, ವರ್ಷಕ್ಕೊಮ್ಮೆ ಎರಡು ಹನಿ ಫಿಂಗರ್‌ಬೋರ್ಡ್ ಎಣ್ಣೆ ಸಾಕು. 2017ರಲ್ಲಿ ಬೀಟೆ ಕುಲದ ಮರಗಳೆಲ್ಲ ಅಳಿವಿನಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ನಿಯಂತ್ರಣಕ್ಕೆ ಬಂದ ಮೇಲೆ ಎಷ್ಟೋ ಕಂಪನಿಗಳು ಬೇರೆ ಮರಕ್ಕೆ ಹೋದವು. ತಯಾರಾಗಿ ಮುಗಿದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಹಾಗಾಗಿ ನಿಮ್ಮದು ಯಾವ ಮರ ಅಂತ ನೋಡಿಕೊಳ್ಳಿ. ವಾರ್ನಿಶ್ ಇರುವ ಮೇಪಲ್‌ಗೆ ಎಣ್ಣೆಯೇ ಬೇಡ, ಒಣ ಬಟ್ಟೆ ಸಾಕು. ಬಯಲುಸೀಮೆಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿ, ಫ್ರೆಟ್‌ನ ತುದಿಗಳು ಕೈಗೆ ಚುಚ್ಚಬಹುದು. ಅದಕ್ಕೆ ಎಣ್ಣೆ ಮದ್ದಲ್ಲ, ತುದಿಗಳನ್ನು ಅರದಿಂದ ಉಜ್ಜಿಸಬೇಕು.

ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಆಗಿದ್ದರೆ ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ. ಜ್ಯಾಕ್ ಒಳಗಿದ್ದಷ್ಟು ಹೊತ್ತೂ 9 ವೋಲ್ಟ್ ಖರ್ಚಾಗುತ್ತಲೇ ಇರುತ್ತದೆ. ಪೆಂಡಾಲಿನ ಸ್ಟೇಜಿನಲ್ಲಿ ಮೈಕಿಗೆ ತುಟಿ ತಾಗಿದಾಗ ಚುರ್ ಅಂದರೆ ಅರ್ಥಿಂಗ್ ಸರಿಯಿಲ್ಲ. ಅಲ್ಲೇ ಬೇಸ್ ಕೆಳಗಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಕಮಿಟಿಯವರು ಎಷ್ಟೇ ಅವಸರ ಮಾಡಲಿ.

ಇಷ್ಟೆಲ್ಲ ನೀವೇ ಮಾಡಬೇಕಿಲ್ಲ. ಸೆಟಪ್ ಮಾಡುವವರ ಹತ್ತಿರ ಕೊಡಿ. ಕೊಡುವಾಗ ನೀವು ಯಾವಾಗಲೂ ಹಾಕುವ ತಂತಿಯ ಹೊಸ ಸೆಟ್ ತಗೊಂಡು ಹೋಗಿ, ಯಾಕೆಂದರೆ ದಪ್ಪ ಬದಲಾದರೆ ಎಳೆತ ಬದಲಾಗಿ ಮಾಡಿದ್ದೆಲ್ಲ ಮತ್ತೆ ಮಾಡಬೇಕಾಗುತ್ತದೆ. ಯಾವ ಟ್ಯೂನಿಂಗ್ ಅಂತ ಹೇಳಿ. ಬೆರಳಾ, ಪಿಕ್ಕಾ, ಎಷ್ಟು ಜೋರಾಗಿ ಹೊಡೆಯುತ್ತೀರಿ ಅಂತ ಅವರ ಎದುರಿಗೇ ಎರಡು ನಿಮಿಷ ನುಡಿಸಿ ತೋರಿಸಿ. ಅವರು ನೋಡಲು ಒಪ್ಪದೆ "ಇಟ್ಟು ಹೋಗಿ" ಅಂದರೆ, ಬೇಸ್ ಎತ್ತಿಕೊಂಡು ಮುಂದಿನ ಅಂಗಡಿಗೆ ಹೋಗಿ.