ರೈಲು ಮ್ಯೂಸಿಯಂಗೆ ರೈಲಲ್ಲೇ ಹೋಗಿ: ಮೈಸೂರಿನಲ್ಲಿ ಒಂದು ದಿನ

ಮೈಸೂರಿನ ರೈಲು ಮ್ಯೂಸಿಯಂಗೆ ಬೆಂಗಳೂರಿನಿಂದ ಕಾರಲ್ಲಿ ಹೋಗುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅರ್ಧ ಮಜಾ ಕಳಕೊಂಡಿರಿ ಅಂತ ಮಾತ್ರ ಹೇಳುತ್ತೇನೆ. ಎಕ್ಸ್‌ಪ್ರೆಸ್‌ ವೇ ಆದ ಮೇಲೆ ಕಾರಲ್ಲಿ ಬೇಗ ಮುಟ್ಟಬಹುದು, ನಿಜ. ಆದರೆ ಬೇಗ ಹೋಗಿ ಮಾಡುವುದಾದರೂ ಏನು? ಗೇಟು ದಾಟಿ, ಎಂಜಿನ್ ಮುಂದೆ ನಿಂತು ನಾಲ್ಕು ಫೋಟೋ ತೆಗೆಸಿಕೊಂಡು, ಅರ್ಧ ಗಂಟೆಯಲ್ಲಿ ಮೃಗಾಲಯದ ಕಡೆ ಕಾರು ತಿರುಗಿಸುವವರನ್ನು ನಾನೇ ಬೇಕಾದಷ್ಟು ಜನ ನೋಡಿದ್ದೇನೆ.

ಅದಕ್ಕೇ ಈ ಸಲ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಒಂದೇ ಷರತ್ತು ಹಾಕಿದೆ. ಹೋಗುವುದೂ ರೈಲಲ್ಲಿ, ಬರುವುದೂ ರೈಲಲ್ಲಿ. ಅಕ್ಕ ನಕ್ಕಳು. "ಓಡದೆ ಇರೋ ಎಂಜಿನ್ ನೋಡೋಕೆ ಬೆಳಗ್ಗೆ ಐದಕ್ಕೆ ಏಳಬೇಕಾ?" ಅಂದಳು. ದೊಡ್ಡಪ್ಪ ಮಾತ್ರ ಸುಮ್ನೆ ಒಳಗೆ ಹೋಗಿ ತಮ್ಮ ಟೋಪಿ ಹುಡುಕತೊಡಗಿದರು. ಅವರು ಬರುತ್ತಾರೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಕೊನೆಗೆ ನೋಡಿದರೆ ಗೈಡ್ ಅವರೇ ಆದರು.

ಬೆಳಗಿನ ಪ್ಯಾಸೆಂಜರ್ ಗಾಡಿಯೇ ಇದಕ್ಕೆ ಸರಿ. ಚೆನ್ನೈಯಿಂದ ಬರುವ ವಂದೇ ಭಾರತ್ ನಂಬಿಕೊಂಡರೆ ಮೈಸೂರು ಮುಟ್ಟುವಾಗ ಮಧ್ಯಾಹ್ನ. ಬಯಲಲ್ಲಿ ನಿಂತ ಕಬ್ಬಿಣದ ನಡುವೆ ತಿರುಗಾಡುವ ಹೊತ್ತಲ್ಲ ಅದು. ಪ್ಯಾಸೆಂಜರ್‌ಗೆ ರಿಸರ್ವೇಶನ್ ತಲೆನೋವಿಲ್ಲ, ಟಿಕೆಟ್ ಅಗ್ಗ, ಎಲ್ಲಕ್ಕಿಂತ ಹೆಚ್ಚಾಗಿ ಕಿಟಕಿ ತೆರೆದಿರುತ್ತದೆ. ಕೆಂಗೇರಿ, ಬಿಡದಿ ದಾಟಿ ರಾಮನಗರದ ಬಂಡೆಗಳು ಬರುವ ಹೊತ್ತಿಗೆ ಮಕ್ಕಳ ಕೈಯಲ್ಲಿದ್ದ ಮೊಬೈಲ್ ತಾನಾಗೇ ಕೆಳಗಿಳಿಯಿತು.

ದೊಡ್ಡಪ್ಪ ಶುರು ಮಾಡಿದ್ದು ಮದ್ದೂರಿನಲ್ಲಿ. ಹಬೆ ಎಂಜಿನ್ ಕಾಲದಲ್ಲಿ ಗಾಡಿ ನೀರು ತುಂಬಿಸಿಕೊಳ್ಳಲು ಇಲ್ಲಿ ನಿಲ್ಲುತ್ತಿತ್ತಂತೆ, ಆ ಪುರುಸೊತ್ತಿನಲ್ಲೇ ಮದ್ದೂರು ವಡೆಗೆ ಗಿರಾಕಿ ಸಿಕ್ಕಿದ್ದಂತೆ. ಇದು ಮೈಸೂರು ಕಡೆಯವರೆಲ್ಲ ಹೇಳುವ ಕಥೆ. ಆಮೇಲೆ ಅವರು ಹೇಳಿದ್ದು ಮಾತ್ರ ಅವರದ್ದೇ. "ಕಿಟಕಿ ಪಕ್ಕ ಕೂರೋಕೆ ಜಗಳ ಆಡ್ತಿದ್ವಿ ಕಣೋ, ಕೂತ ಮೇಲೆ ಕಣ್ಣಿಗೆ ಇದ್ದಿಲು ಕಿಡಿ ಬಿದ್ದು ಅಳ್ತಿದ್ವಿ. ಮೈಸೂರಲ್ಲಿ ಇಳಿಯುವಾಗ ಬಿಳಿ ಅಂಗಿ ಅನ್ನೋದೇ ಇರ್ತಿರಲಿಲ್ಲ."

ಶ್ರೀರಂಗಪಟ್ಟಣದಲ್ಲಿ ಎಲ್ಲರೂ ಎದ್ದು ಬಾಗಿಲ ಹತ್ತಿರ ಬನ್ನಿ (ಮಕ್ಕಳ ಕೈ ಹಿಡಿದುಕೊಂಡೇ). ರೈಲು ಕಾವೇರಿಯ ಒಂದು ಕವಲು ದಾಟಿ, ಕೋಟೆಯೊಳಗೇ ನುಗ್ಗಿ, ಇನ್ನೊಂದು ಕವಲು ದಾಟಿ ಹೊರಗೆ ಬೀಳುತ್ತದೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಒಡೆಯುವ ಹಾಗಿಲ್ಲ, ಹಳಿ ಬಿಡುವ ಹಾಗೂ ಇಲ್ಲ. ಕೊನೆಗೆ 2017ರಲ್ಲಿ ಆ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಜಾಸ್ತಿ ದೂರ ಸರಿಸಿ ಇಟ್ಟರು. "ಕಟ್ಟಡಕ್ಕೆ ಚಕ್ರ ಹಾಕಿದ್ರಾ ಮಾಮ?" ಅಂತ ಚಿಕ್ಕವನ ಪ್ರಶ್ನೆ. ಹೆಚ್ಚುಕಮ್ಮಿ ಹಾಗೇ ಅಂದೆ.

ಮ್ಯೂಸಿಯಂ ಇರುವುದು ಮೈಸೂರು ನಿಲ್ದಾಣದ ಮಗ್ಗುಲಲ್ಲೇ, ಕೆ.ಆರ್.ಎಸ್. ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಎದುರಿಗೆ. ಆಟೋ ಬೇಡ, ನಡೆದೇ ಹೋಗಬಹುದು. ವಾರದ ರಜೆ ಯಾವತ್ತು ಅಂತ ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ, ಮಕ್ಕಳನ್ನು ಕರೆದುಕೊಂಡು ಹೋಗಿ ಮುಚ್ಚಿದ ಗೇಟಿನ ಮುಂದೆ ನಿಲ್ಲುವ ಕಷ್ಟ ಯಾರಿಗೂ ಬೇಡ. ಟೋಪಿ, ನೀರಿನ ಬಾಟಲಿ, ಎಂಜಿನ್ ಹತ್ತಿ ಇಳಿಯೋಕೆ ಜಾರದ ಚಪ್ಪಲಿ ಸಾಕು. ನಾನು ಇನ್ನೊಂದು ಸಾಮಾನು ಇಟ್ಟುಕೊಂಡಿದ್ದೆ, ಅಕ್ಕನ ಹೊಲಿಗೆ ಡಬ್ಬದಲ್ಲಿದ್ದ ಟೇಪು.

ದೆಹಲಿಯ ರೈಲು ಮ್ಯೂಸಿಯಂ ಶುರುವಾಗಿದ್ದು 1977ರಲ್ಲಿ, ಮೈಸೂರಿನದು 1979ರಲ್ಲಿ. ದೇಶದಲ್ಲಿ ಇದು ಎರಡನೆಯದು. ಒಳಗೆ ಹೋದ ತಕ್ಷಣ ಮಕ್ಕಳು ಪುಟಾಣಿ ರೈಲಿನ ಕಡೆ ಓಡುತ್ತಾರೆ, ತಡೆಯಬೇಡಿ. ಅದೊಂದು ಮುಗಿಸಿಬಿಟ್ಟರೆ ಮಿಕ್ಕಿದ್ದನ್ನು ನಿಧಾನವಾಗಿ ನೋಡಬಹುದು.

ನಾವು ಮೊದಲು ಮಾಡಿದ್ದು ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ ಅಳೆಯುವ ಕೆಲಸ. ಮೀಟರ್‌ಗೇಜ್ ಬೋಗಿ ನಿಂತಿದ್ದ ಹಳಿಯ ಮೇಲೆ ಟೇಪು ಅಡ್ಡ ಹಿಡಿದೆವು, ಈ ಕಡೆ ಹಳಿಯ ಒಳ ಅಂಚಿನಿಂದ ಆ ಕಡೆ ಹಳಿಯ ಒಳ ಅಂಚಿಗೆ. ನೂರು ಸೆಂಟಿಮೀಟರ್, ಅಷ್ಟೇ. ದೊಡ್ಡವಳಿಗೆ ನಂಬಿಕೆಯೇ ಬರಲಿಲ್ಲ. "ಇಷ್ಟು ಚಿಕ್ಕದರ ಮೇಲೆ ಬೆಂಗಳೂರಿನ ತನಕ ಹೋಗ್ತಿದ್ರಾ ತಾತ?" ಹೋಗ್ತಿದ್ದರು. ತೊಂಬತ್ತರ ದಶಕದಲ್ಲಿ ಗೇಜ್ ಬದಲಾಗುವ ತನಕ ಬೆಂಗಳೂರು–ಮೈಸೂರು ದಾರಿ ಇದ್ದಿದ್ದೇ ಇಷ್ಟು. ಈಗಿನ ಬ್ರಾಡ್‌ಗೇಜ್ 1676 ಮಿಲಿಮೀಟರ್. ದರ್ಜಿ ಟೇಪು ಒಂದೂವರೆ ಮೀಟರಿಗೇ ಮುಗಿದುಹೋಗುತ್ತದೆ, ಅದನ್ನು ಅಳೆಯೋಕೆ ಸಾಲುವುದೇ ಇಲ್ಲ. (ಹಾಗಂತ ಸ್ಟೇಷನ್‌ನಲ್ಲಿ ಹಳಿಗೆ ಇಳಿದು ಅಳೆಯಲು ಹೋಗಬೇಡಿ. ಮ್ಯೂಸಿಯಂ ಇರುವುದೇ ಅದಕ್ಕೆ.)

ಇದಾದ ಮೇಲೆ ಮಕ್ಕಳು ಪ್ರತಿ ಎಂಜಿನ್ನನ್ನೂ ಕೆಳಗಿನಿಂದ ನೋಡತೊಡಗಿದರು. ಹಾಗೇ ನೋಡಬೇಕು, ಅಲ್ವಾ? ಬಣ್ಣ ಬಳಿದ ಮೈ ಏನೂ ಹೇಳುವುದಿಲ್ಲ, ವಿಷಯವೆಲ್ಲ ಇರುವುದು ಚಕ್ರಗಳ ಹತ್ತಿರ. ಇಎಸ್ 506 ಅಂತ ಒಂದು ಎಂಜಿನ್ ಇದೆ, 4-6-2 ಮಾದರಿಯದು. ಪಕ್ಕದಲ್ಲಿ ನಿಂತು ಎಣಿಸಿದರೆ ಮುಂದೆ ಎರಡು ಸಣ್ಣ ಚಕ್ರ, ನಡುವೆ ಮೂರು ದೊಡ್ಡವು, ಡ್ರೈವರ್ ನಿಲ್ಲುವ ಜಾಗದ ಕೆಳಗೆ ಒಂದು. ಎರಡೂ ಪಕ್ಕ ಸೇರಿಸಿದರೆ ನಾಲ್ಕು, ಆರು, ಎರಡು. ಎಳೆಯುವ ಕೆಲಸವೆಲ್ಲ ಆ ಆರರದ್ದು. ಮುಂದಿನ ನಾಲ್ಕು ತಿರುವಿನಲ್ಲಿ ದಾರಿ ತೋರಿಸುತ್ತವೆ, ಹಿಂದಿನ ಎರಡು ಒಲೆಯ ಭಾರ ಹೊರುತ್ತವೆ. ದೊಡ್ಡ ಚಕ್ರಗಳನ್ನು ಒಂದಕ್ಕೊಂದು ಸೇರಿಸಿದ ಉಕ್ಕಿನ ಸಲಾಕೆಯ ಮೇಲೆ ದೊಡ್ಡಪ್ಪ ಕೈಯಿಟ್ಟು, ಸಿಲಿಂಡರಿನಿಂದ ಬರುವ ತಳ್ಳು ಹೇಗೆ ತಿರುಗಾಟ ಆಗುತ್ತದೆ ಅಂತ ಮೊಣಕೈ ಆಡಿಸಿ ತೋರಿಸಿದರು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ರೈಲ್ವೆಯಲ್ಲಲ್ಲ. ಅಷ್ಟು ಗಮನವಿಟ್ಟು ನೋಡುತ್ತಿದ್ದರು ಅಂತ ಕಾಣುತ್ತದೆ, ಆ ಕಾಲದ ಹುಡುಗರು.

ಹಳೇ ಕೈಮರ ಸಿಗ್ನಲ್ ಸಿಕ್ಕರೆ ಅಲ್ಲಿ ಒಂದು ನಿಮಿಷ ನಿಲ್ಲಿ. ತೋಳು ಅಡ್ಡಕ್ಕಿದ್ದರೆ ನಿಲ್ಲು, ಕೆಳಗೆ ಬಾಗಿದರೆ ಹೊರಡು. ಕ್ಯಾಬಿನ್‌ನಲ್ಲಿ ಕೂತವನು ಸನ್ನೆಕೋಲು ಎಳೆದರೆ, ಹಳಿ ಪಕ್ಕದಲ್ಲಿ ಓಡುವ ತಂತಿ ಆ ತೋಳನ್ನು ಎಳೆಯುತ್ತಿತ್ತು. ಕರೆಂಟಿಲ್ಲ, ಏನಿಲ್ಲ. ಆಸ್ಟಿನ್ ಕಾರೊಂದಕ್ಕೆ ರೈಲು ಚಕ್ರ ಹಾಕಿದ್ದು ಕೂಡ ಇದೆ, ಚಿಕ್ಕವನು ಅದರ ಪಕ್ಕ ಬಿಟ್ಟು ಅಲುಗಲಿಲ್ಲ.

ನನಗೆ ಮಾತ್ರ ಪ್ರತಿ ಸಲ ಕಾಲು ಎಳೆಯುವುದು ಮಹಾರಾಣಿಯ ಸಲೂನ್, ಅಂದರೆ ಅವರ ಖಾಸಗಿ ಬೋಗಿಯ ಕಡೆಗೆ. 1899ರದ್ದು. ಅಡುಗೆ, ಊಟ, ಸ್ನಾನದ ಮನೆ ಎಲ್ಲ ಒಳಗೇ. ಬಹಳ ಜನ ಇದನ್ನು ರಾಜರ ಹೆಂಡತಿ ಸುತ್ತಾಡುತ್ತಿದ್ದ ಬೋಗಿ ಅಂತ ನೋಡಿ ಮುಂದೆ ಹೋಗುತ್ತಾರೆ. ಆ ಇಸವಿ ಸ್ವಲ್ಪ ಗಮನಿಸಿ. 1894ರ ಕೊನೆಗೆ ಚಾಮರಾಜೇಂದ್ರ ಒಡೆಯರ್ ತೀರಿಕೊಂಡರು. ಮಗ ನಾಲ್ವಡಿಯವರು ಇನ್ನೂ ಹುಡುಗ. 1902ರಲ್ಲಿ ಅವರ ಕೈಗೆ ಅಧಿಕಾರ ಬರುವ ತನಕ ರಾಜ್ಯದ ಹೊಣೆ ಹೊತ್ತು ರೀಜೆಂಟ್ ಆಗಿದ್ದವರು ವಾಣಿವಿಲಾಸ ಸನ್ನಿಧಾನ, ಅಂದರೆ ಕೆಂಪನಂಜಮ್ಮಣ್ಣಿಯವರು. ಶಿವನಸಮುದ್ರದ ವಿದ್ಯುತ್ ಕೆಲಸ ಶುರುವಾಗಿದ್ದೂ ಅವರ ಕಾಲದಲ್ಲೇ. ಹಾಗಾದರೆ ಈ ಬೋಗಿ ಹಳಿಗೆ ಬಂದ ವರ್ಷ ಮೈಸೂರು ಸಂಸ್ಥಾನದ ಆಡಳಿತ ಇದ್ದಿದ್ದೇ ಒಬ್ಬ ಮಹಾರಾಣಿಯ ಕೈಯಲ್ಲಿ. ಇದನ್ನು ಹೇಳಿದ ಮೇಲೆ ದೊಡ್ಡವಳು ಮತ್ತೆ ಹಿಂದೆ ಹೋಗಿ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿದಳು.

ಇನ್ನೂ ಸ್ವಲ್ಪ ಹಿಂದೆ ಹೋದರೆ ಈ ದಾರಿಯ ಕಥೆ ಅಷ್ಟು ರಾಜಗಾಂಭೀರ್ಯದ್ದಲ್ಲ. 1876–78ರ ಭೀಕರ ಬರದಲ್ಲಿ ಲಕ್ಷಾಂತರ ಜನ ಸತ್ತರು. ಹಸಿದವರಿಗೆ ಕೂಲಿ ಕೊಟ್ಟು ಮಾಡಿಸಿದ ಕೆಲಸಗಳಲ್ಲಿ ಈ ರೈಲು ದಾರಿಯ ಮಣ್ಣು ಕೆಲಸವೂ ಒಂದು. ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ. ಸಲೂನ್ ನೋಡುವಾಗ ಇದೂ ತಲೆಯಲ್ಲಿದ್ದರೆ ಒಳ್ಳೆಯದು.

ನಿಧಾನವಾಗಿ ನೋಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಊಟಕ್ಕೆ ಊರೊಳಗೆ ಹೋಗಿ, ಮೈಸೂರಿನಲ್ಲಿ ಒಳ್ಳೆ ಊಟಕ್ಕೇನು ಬರ? ಅದೇ ದಿನ ಅರಮನೆ, ಬೆಟ್ಟ, ಬೃಂದಾವನ ಎಲ್ಲ ತುರುಕಬೇಡಿ. ನಾವು ದೇವರಾಜ ಮಾರ್ಕೆಟ್ ಒಂದು ಸುತ್ತು ಹಾಕಿ, ಸಂಜೆ ಗಾಡಿಗೆ ಮೊದಲೇ ಬಂದು ಪ್ಲಾಟ್‌ಫಾರ್ಮಿನಲ್ಲಿ ಕೂತೆವು. ಜೋಡಿ ಹಳಿ, ಮೇಲೆ ಕರೆಂಟ್ ತಂತಿ. ಚಿಕ್ಕವನು ಬಗ್ಗಿ ಹಳಿ ನೋಡಿ "ಇದು ಟೇಪಿಗಿಂತ ದೊಡ್ಡದು" ಅಂತ ಪಕ್ಕದಲ್ಲಿ ಕೂತಿದ್ದ ಅಪರಿಚಿತರಿಗೆಲ್ಲ ಪಾಠ ಮಾಡುತ್ತಿದ್ದ.

ಉತ್ತರ ಕರ್ನಾಟಕದವರಿಗೆ ಮೈಸೂರು ದೂರ ಅನ್ನಿಸಿದರೆ ಹುಬ್ಬಳ್ಳಿಯಲ್ಲೇ 2020ರಿಂದ ಒಂದು ರೈಲು ಮ್ಯೂಸಿಯಂ ಇದೆ, ಅಲ್ಲೂ ಹೀಗೇ ಅರ್ಧ ದಿನ ಕಳೆಯಬಹುದು. ಇನ್ನು ಮಹಾರಾಣಿಯ ಸಲೂನ್ ನೋಡಿದವರು ಸಹಜವಾಗಿ ಕೇಳುತ್ತಾರೆ, ಮಹಾರಾಜರದ್ದು ಎಲ್ಲಿ ಅಂತ. ಅದು ದೆಹಲಿಯ ಚಾಣಕ್ಯಪುರಿಯ ಮ್ಯೂಸಿಯಂನಲ್ಲಿದೆ. ದೊಡ್ಡಪ್ಪ ಆಗಲೇ ಕರ್ನಾಟಕ ಎಕ್ಸ್‌ಪ್ರೆಸ್ ಟಿಕೆಟ್ ಎಷ್ಟಾಗುತ್ತೆ ಅಂತ ವಿಚಾರಿಸುತ್ತಿದ್ದಾರೆ.