999ರ ವೇಗದಲ್ಲೂ ಹನಿ ಎಣಿಕೆ ತಪ್ಪುತ್ತಿಲ್ಲ: ಡ್ರಿಪ್ ಕೌಂಟರ್ ಅಪ್‌ಡೇಟ್, ಮಂಡ್ಯದಿಂದ

ಕೊನೆಗೂ ದಾರಿಗೆ ಬಂತು. ಗಂಟೆಗೆ 999 ಮಿಲಿ ವೇಗದಲ್ಲಿ ಸಲೈನ್ ಬಿಟ್ಟರೂ, ಡ್ರಿಪ್‌ನಲ್ಲಿ ಬೀಳುವ ಹನಿ ಎಣಿಸುವ ನನ್ನ ಕೌಂಟರ್ ಈಗ ಹನಿ ನುಂಗುವುದಿಲ್ಲ, ಇಲ್ಲದ ಹನಿ ಹುಟ್ಟಿಸುವುದೂ ಇಲ್ಲ. ಮಿಲಿ ಲೆಕ್ಕ ಮಾತ್ರ ಇನ್ನೂ ತಕರಾರು ಮಾಡುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸರ್ಕ್ಯೂಟ್ ನಿಮಗೆಲ್ಲ ಗೊತ್ತಿರುವಂಥದ್ದೇ. ಕೋಡ್ ಓಡಿಸುವ ಪುಟ್ಟ ಬೋರ್ಡ್ ಇಎಸ್‌ಪಿ32, ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಎಲ್‌ಇಡಿ, ಎದುರಿಗೆ ಆ ಬೆಳಕು ಹಿಡಿಯುವ ಫೋಟೋಟ್ರಾನ್ಸಿಸ್ಟರ್, ಡ್ರಿಪ್ ಚೇಂಬರ್‌ಗೆ (ಹನಿ ಬೀಳುವುದು ಕಾಣುವ ಪಾರದರ್ಶಕ ಕೊಳವೆಗೆ) ಕಚ್ಚಿಕೊಳ್ಳುವ ತ್ರೀಡಿ ಪ್ರಿಂಟ್ ಕ್ಲಿಪ್. ನಡುವಿನ ಬೆಳಕಿನ ಗೆರೆಯೇ ಬೀಮ್, ಹನಿ ಅದನ್ನು ದಾಟಿದರೆ ಒಂದು ಎಣಿಕೆ. ಒಂದೇ ಎಚ್ಚರಿಕೆ: ಕೆಲವು ಕಪ್ಪು ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ಮಾತ್ರ ಕಪ್ಪು. ಇನ್‌ಫ್ರಾರೆಡ್ ಅದರಲ್ಲಿ ಆರಾಮಾಗಿ ತೂರಿ ಹೋಗುತ್ತದೆ. ಪ್ರಿಂಟ್ ಮಾಡುವ ಮೊದಲು ಟಿವಿ ರಿಮೋಟ್ ಹಿಡಿದು ಪರೀಕ್ಷೆ ಮಾಡಿ.

ಇದು ಯಾವ ಪೇಷಂಟ್‌ಗೂ ಹಾಕುವ ಯಂತ್ರ ಅಲ್ಲ, ಹಾಕುವುದೂ ಇಲ್ಲ. ಡೇಟ್ ಮುಗಿದ ಸಲೈನ್ ಬಾಟಲಿ ಮೇಲೆ, ಬಕೆಟ್ ಕೆಳಗೆ, ಅಷ್ಟೇ. ಡ್ರಿಪ್ ಸೆಟ್ ಕೊಳ್ಳಲು ಹೋದಾಗ ಮೆಡಿಕಲ್ ಶಾಪಿನವರು "ಪೇಷಂಟ್ ಯಾರು?" ಅಂತ ಕೇಳಿದರು. ಬಕೆಟ್ ಅಂದೆ. ಅವತ್ತಿನಿಂದ ನನ್ನನ್ನು ಒಂಥರಾ ನೋಡುತ್ತಾರೆ.

ಸರಿ, 999 ಯಾಕೆ? ಬ್ರೆಜಿಲ್‌ನ 75 ಐಸಿಯುಗಳಲ್ಲಿ ನಡೆದ ಬೇಸಿಕ್ಸ್ ಅನ್ನುವ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಅದರಲ್ಲಿ ಎರಡು ಪ್ರಶ್ನೆ ಇದ್ದವು. ಒಂದು, ಸಾದಾ ಸಲೈನ್ ಕೊಡುವುದೋ, ರಕ್ತದ ಲವಣಕ್ಕೆ ಹತ್ತಿರವಾದ ಫ್ಲೂಯಿಡ್ ಕೊಡುವುದೋ. ಇನ್ನೊಂದು, ಒಮ್ಮೆಲೇ ಫ್ಲೂಯಿಡ್ ತುಂಬಿಸಬೇಕಾದಾಗ ಗಂಟೆಗೆ 333 ಮಿಲಿಯಂತೆ ನಿಧಾನವಾಗಿ ಬಿಡುವುದೋ, 999ರಂತೆ ಜೋರಾಗಿ ಬಿಡುವುದೋ. 10,520 ರೋಗಿಗಳ ಲೆಕ್ಕ. ವೇಗದ ಪ್ರಶ್ನೆಗೆ ಸಿಕ್ಕ ಉತ್ತರ: 90 ದಿನದೊಳಗೆ ತೀರಿಕೊಂಡವರು ನಿಧಾನದ ಗುಂಪಿನಲ್ಲಿ ಶೇ. 26.6, ವೇಗದ ಗುಂಪಿನಲ್ಲಿ ಶೇ. 27.0. ಅಂದರೆ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ.

ಬಿಪಿ ಬಿದ್ದವರಿಗೆ ಬೇಗ ಬೇಗ ತುಂಬಿಸಿದಷ್ಟೂ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆ ಅನಿಸಿಕೆಗೆ ಮೊದಲ ದೊಡ್ಡ ಏಟು ಕೊಟ್ಟಿದ್ದು 2011ರ ಫೀಸ್ಟ್ ಅಧ್ಯಯನ. ಉಗಾಂಡಾ, ಕೀನ್ಯಾ, ತಾಂಜಾನಿಯಾದಲ್ಲಿ ಜ್ವರ ಬಂದು, ರಕ್ತ ಸಂಚಾರ ಕುಗ್ಗಿದ್ದ 3,141 ಮಕ್ಕಳು. ಬೇಗ ಬೇಗ ಸಲೈನ್ ಬಿಟ್ಟ ಗುಂಪಿನಲ್ಲಿ 48 ಗಂಟೆಯೊಳಗೆ ಶೇ. 10.5 ಮಕ್ಕಳು ತೀರಿಕೊಂಡರು. ಹಾಗೆ ಬಿಡದ ಗುಂಪಿನಲ್ಲಿ ಶೇ. 7.3. ಇದನ್ನು ಓದಿದ ಮೇಲೆ ಡ್ರಿಪ್ ಬಾಟಲಿಯನ್ನು ನೋಡುವ ರೀತಿಯೇ ಬದಲಾಯಿತು. ಹಾಗಂತ ಫ್ಲೂಯಿಡ್ಡೇ ಬೇಡ ಅಂತಲ್ಲ. ಯಾರಿಗೆ, ಯಾವಾಗ, ಎಷ್ಟು ಅನ್ನುವ ಜಗಳ ಐಸಿಯು ಡಾಕ್ಟರುಗಳ ನಡುವೆ ಇನ್ನೂ ಮುಗಿದಿಲ್ಲ.

ನನ್ನ ತಲೆ ತಿಂದಿದ್ದು ಬೇರೆ ವಿಷಯ. 333, 999 ಇವೆಲ್ಲ ಪಂಪಿನ, ಅಂದರೆ ಹೇಳಿದ ವೇಗದಲ್ಲಿ ಫ್ಲೂಯಿಡ್ ತಳ್ಳುವ ಯಂತ್ರದ ಭಾಷೆ. ನಮ್ಮ ಕಡೆ ಎಷ್ಟೋ ವಾರ್ಡುಗಳಲ್ಲಿ ಪಂಪ್ ಎಲ್ಲಿದೆ? ಸಿಸ್ಟರ್ ವಾಚ್ ನೋಡಿಕೊಂಡು 15 ಸೆಕೆಂಡ್ ಹನಿ ಎಣಿಸಿ, ನಾಲ್ಕರಿಂದ ಗುಣಿಸಿ, ಪೈಪ್ ಒತ್ತಿ ವೇಗ ಹೆಚ್ಚುಕಡಿಮೆ ಮಾಡುವ ಚಕ್ರ, ರೋಲರ್ ಕ್ಲಾಂಪ್, ತಿರುಗಿಸುತ್ತಾರೆ. 20 ಹನಿಗೆ 1 ಮಿಲಿ ಅಂತ ಹಿಡಿದರೆ 333 ಅಂದರೆ ನಿಮಿಷಕ್ಕೆ 111 ಹನಿ. 999 ಅಂದರೆ ನಿಮಿಷಕ್ಕೆ 333 ಹನಿ, ಸೆಕೆಂಡಿಗೆ ಐದೂವರೆ. ಅದನ್ನು ಕಣ್ಣಲ್ಲಿ ಎಣಿಸೋಕೆ ಆಗುತ್ತಾ? ಯಂತ್ರಕ್ಕಾದರೂ ಆಗುತ್ತಾ ಅಂತ ನೋಡಲು ಹೊರಟೆ.

ನಿಮಿಷಕ್ಕೆ 111 ಹನಿ ಸಲೀಸಾಗಿ ಬಂತು. 333 ಹನಿಗೆ ಹೋದ ಕೂಡಲೇ ಕತೆ ಕೆಟ್ಟಿತು. ಒಮ್ಮೆ ಎಣಿಕೆ ಅರ್ಧಕ್ಕೆ ಇಳಿಯುತ್ತಿತ್ತು, ಇನ್ನೊಮ್ಮೆ ಒಂದೂವರೆ ಪಟ್ಟು ಏರುತ್ತಿತ್ತು. ಕೋಡ್ ಬದಲಾಯಿಸಿದೆ, ರೆಸಿಸ್ಟರ್ ಬದಲಾಯಿಸಿದೆ, ಕಿಟಕಿಯಿಂದ ಬರುವ ಬಿಸಿಲಿಗೆ ಬೈದು ಪರದೆ ಎಳೆದೆ. ಕೊನೆಗೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದಾಗ ಗುಟ್ಟು ಬಯಲಾಯಿತು.

ವೇಗ ಹೆಚ್ಚಾದಾಗ ಹನಿ ಚೇಂಬರ್ ಒಳಗಿನ ನಳಿಕೆಯ ತುದಿಯಿಂದ ಒಮ್ಮೆಲೇ ಕಳಚಿಕೊಳ್ಳುವುದಿಲ್ಲ. ಹಿಂದೆ ಉದ್ದನೆಯ ಬಾಲ ಎಳೆದುಕೊಂಡು ಬರುತ್ತದೆ. ಆ ಬಾಲ ತುಂಡಾಗುವಷ್ಟರಲ್ಲಿ ಮುಂದಿನ ಹನಿ ಊದಿಕೊಂಡಿರುತ್ತದೆ. ಬೀಮ್ ತುದಿಗೆ ಹತ್ತಿರ ಇದ್ದರೆ ಸೆನ್ಸರ್‌ಗೆ ಎರಡೂ ಸೇರಿ ಒಂದೇ ಹನಿ. ಸರಿ, ಬೀಮ್ ಕೆಳಗಿಳಿಸೋಣ ಅಂದರೆ ಅಲ್ಲಿ ಚೇಂಬರ್ ಅರ್ಧ ತುಂಬಿರುತ್ತದೆ. ಹನಿ ಬಿದ್ದ ರಭಸಕ್ಕೆ ಸಣ್ಣ ಸಣ್ಣ ತುಂತುರು ಮೇಲಕ್ಕೆ ಹಾರಿ ಬೀಮ್ ದಾಟುತ್ತದೆ, ಮತ್ತೆ ಬೀಳುವಾಗ ಇನ್ನೊಮ್ಮೆ ದಾಟುತ್ತದೆ. ಒಂದು ಹನಿಗೆ ಮೂರು ಎಣಿಕೆ. ಜೊತೆಗೆ ಗೋಡೆ ಮೇಲೆ ಅಂಟಿ ಜಾರುವ ಹನಿಗಳ ಕಾಟ ಬೇರೆ.

ಪರಿಹಾರ ಇಷ್ಟು ಸುಲಭ ಇದೆ ಅಂತ ಗೊತ್ತಾದಾಗ ನಗು ಬಂತು. ಒಂದರ ಬದಲು ಎರಡು ಬೀಮ್. ಮೇಲಿನದು ತುದಿಯಿಂದ 15 ಮಿಮೀ ಕೆಳಗೆ, ಎರಡನೆಯದು ಅದಕ್ಕಿಂತ 10 ಮಿಮೀ ಕೆಳಗೆ. ನಿಜವಾದ ಹನಿ ಮೊದಲು ಮೇಲಿನದನ್ನು ದಾಟಿ, ಸುಮಾರು 16 ಮಿಲಿಸೆಕೆಂಡ್ ಬಿಟ್ಟು ಕೆಳಗಿನದನ್ನು ದಾಟುತ್ತದೆ. ಅದು ಗುರುತ್ವದ ಲೆಕ್ಕ, ಪಿಯುಸಿ ಫಿಸಿಕ್ಸ್ ಸಾಕು. ತುಂತುರು ಉಲ್ಟಾ ಬರುತ್ತದೆ: ಮೊದಲು ಕೆಳಗೆ, ಆಮೇಲೆ ಮೇಲೆ. ಮೇಲಿನ ಬೀಮ್ ತನಕ ಹಾರಿ ವಾಪಸ್ ಬಿದ್ದರೂ ಅದಕ್ಕೆ ಅಷ್ಟು ವೇಗ ಇರುವುದಿಲ್ಲ, 40 ಮಿಲಿಸೆಕೆಂಡ್ ಮೇಲೆ ತೆಗೆದುಕೊಳ್ಳುತ್ತದೆ. ಗೋಡೆ ಮೇಲೆ ಜಾರುವುದು ಇನ್ನೂ ನಿಧಾನ. ಬಾಲದ ಉದ್ದ ಬದಲಾಗುತ್ತದಲ್ಲ, ಅದಕ್ಕೆ ಹನಿಯ ಮುಂದಿನ ಅಂಚನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. 12ರಿಂದ 22 ಮಿಲಿಸೆಕೆಂಡ್ ಒಳಗೆ, ಮೇಲಿಂದ ಕೆಳಗೆ ಬಂದರೆ ಮಾತ್ರ ಅದು ಹನಿ. ಮಿಕ್ಕಿದ್ದೆಲ್ಲ ಸುಮ್ನೆ ಗಲಾಟೆ. ವಿಡಿಯೋ ಜೊತೆ ತಾಳೆ ನೋಡಿದೆ, ಎಣಿಕೆ ಕೂಡಿ ಬಂತು.

ಖುಷಿಯಲ್ಲಿ ಚಹಾ ಕುಡಿದು ಬಂದು ಕೆಳಗಿನ ಪಾತ್ರೆ ತೂಗಿದೆ. ಹನಿ ಎಣಿಕೆಯನ್ನು 20ರಿಂದ ಭಾಗಿಸಿದರೆ ಬರಬೇಕಾದದ್ದಕ್ಕಿಂತ ನೀರು ಜಾಸ್ತಿ ಇತ್ತು!

ಹನಿಯೇ ದಪ್ಪಗಾಗಿತ್ತು. ನಿಧಾನವಾಗಿ ತೊಟ್ಟಿಕ್ಕುವಾಗ ಹನಿಯ ಗಾತ್ರವನ್ನು ತುದಿಯ ಅಳತೆ ಮತ್ತು ದ್ರವದ ಮೇಲ್ಮೈ ಎಳೆತ ಹೆಚ್ಚುಕಡಿಮೆ ತೀರ್ಮಾನ ಮಾಡುತ್ತವೆ. ಜೋರಾಗಿ ಬಿಟ್ಟಾಗ ಹನಿ ಕಳಚಿಕೊಳ್ಳುವ ಆ ಗಳಿಗೆಯಲ್ಲೂ ಮೇಲಿಂದ ನೀರು ತುಂಬುತ್ತಲೇ ಇರುತ್ತದೆ, ಹಾಗಾಗಿ ಹನಿ ಹಿಗ್ಗುತ್ತದೆ. ಪ್ಯಾಕೆಟ್ ಮೇಲಿನ 20 ಅನ್ನುವುದು ಸಾವಕಾಶವಾಗಿ ಬೀಳುವ ಹನಿಯ ಮಾತು. ಅಂದರೆ ನಿಮಿಷಕ್ಕೆ 333 ಹನಿ ಬಿಟ್ಟವರು ನಿಜಕ್ಕೂ 999 ದಾಟಿರುತ್ತಾರೆ. ಸಾಲದ್ದಕ್ಕೆ ಬಾಟಲಿ ಖಾಲಿಯಾದಂತೆ ಎತ್ತರ ಇಳಿದು ವೇಗ ಕುಗ್ಗುತ್ತದೆ, ಕ್ಲಾಂಪ್ ಒತ್ತಿದ ಪ್ಲಾಸ್ಟಿಕ್ ಪೈಪ್ ತನ್ನಷ್ಟಕ್ಕೆ ಆಕಾರ ಬದಲಿಸುತ್ತದೆ. ಮೆತ್ತನೆ ಬಾಟಲಿಗೆ ಗಾಳಿ ಹೋಗಲಿ ಅಂತ ಸೂಜಿ ಚುಚ್ಚಿದರೆ ಒಂದು ವೇಗ, ಚುಚ್ಚದಿದ್ದರೆ ಇನ್ನೊಂದು.

ಹಾಗಾಗಿ ಈಗ ಬಾಟಲಿಯನ್ನೇ ತೂಗಬೇಕು. ಅದಕ್ಕೆ ಲೋಡ್ ಸೆಲ್ (ತೂಕ ಅಳೆಯುವ ಸೆನ್ಸರ್) ಮತ್ತು ಅದರ ಸಿಗ್ನಲ್ ಓದುವ ಚಿಪ್ ಎಚ್‌ಎಕ್ಸ್711. 999 ಅಂದರೆ ಸೆಕೆಂಡಿಗೆ ಕಾಲು ಗ್ರಾಂಗಿಂತ ಸ್ವಲ್ಪ ಜಾಸ್ತಿ ಇಳಿಯಬೇಕು. ಬೆಂಗಳೂರಿನ ಒಂದು ಅಂಗಡಿಗೆ 1 ಕೆಜಿ ಸೆಲ್ ಆರ್ಡರ್ ಮಾಡಿದ್ದೆ. ಬಂದದ್ದು 20 ಕೆಜಿಯದು. ಫೋನ್ ಮಾಡಿದರೆ, "ಸಾರ್, 20 ಕೆಜಿ ತೂಗೋದು 1 ಕೆಜಿನೂ ತೂಗುತ್ತೆ ಬಿಡಿ" ಅಂದರು. ತೂಗುತ್ತೆ ಸ್ವಾಮಿ, ಆಲೂಗಡ್ಡೆ ಮೂಟೆ ತೂಗುತ್ತೆ. ವಾಪಸ್ ಕಳಿಸಿದ ಪಾರ್ಸೆಲ್ ಈಗ ಎಲ್ಲಿದೆ ಅಂತ ಕೊರಿಯರ್‌ನವರಿಗೂ ಗೊತ್ತಿಲ್ಲ.

ಇದರ ನಡುವೆ, ಡ್ರಿಪ್‌ಗೆ ಸಂಬಂಧವಿಲ್ಲದ ಮುಂದಿನ ಪ್ರಾಜೆಕ್ಟೂ ತಲೆಗೆ ಬಂದಿದೆ ಅನ್ನಿ. ನಮ್ಮೂರ ಆಲೆಮನೆ. ಬೆಲ್ಲದ ಪಾಕ 118 ಡಿಗ್ರಿ ಆಸುಪಾಸಿಗೆ ಬಂದಾಗ ಕೊಪ್ಪರಿಗೆ ಇಳಿಸಬೇಕು. ಅನುಭವಸ್ಥರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ಹೇಳುತ್ತಾರೆ. ಅವರ ಬೆರಳಿನ ಪಕ್ಕ ಒಂದು ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಟ್ಟು ಯಾರು ಗೆಲ್ಲುತ್ತಾರೆ ನೋಡಬೇಕು. ನನ್ನ ಬೆಟ್ ಬೆರಳಿನ ಮೇಲೆ. ನೊರೆಯ ಮಧ್ಯೆ ಪ್ರೋಬ್ ಎಲ್ಲಿ ಇಳಿಬಿಡುವುದು ಅನ್ನುವುದು ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಅಂದಹಾಗೆ, ನಮ್ಮಂಥವರು ಫೋಟೋ ಹಾಕಿ ಕೈಮುಗಿಯಬೇಕಾದ ಒಬ್ಬ ಮನುಷ್ಯ ಈ ಸಲೈನ್ ವಿಷಯದಲ್ಲಿದ್ದಾನೆ. ಡಾಕ್ಟರ್ ವಿಲಿಯಂ ಓಶಾನೆಸ್ಸಿ. ಬ್ರಿಟನ್‌ಗೆ ಕಾಲರಾ ಬಂದಾಗ ರೋಗಿಗಳ ರಕ್ತ ಪರೀಕ್ಷಿಸಿ, ನೀರು ಮತ್ತು ಉಪ್ಪು ಕಡಿಮೆಯಾಗಿದೆ, ಅದನ್ನು ವಾಪಸ್ ಕೊಡಬೇಕು ಅಂದವನು. ಅದನ್ನು ಓದಿ 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಟ್ಟಾ ಅನ್ನುವ ಡಾಕ್ಟರ್ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟ. ಓಶಾನೆಸ್ಸಿ ಆಮೇಲೆ ಕಲ್ಕತ್ತಾಗೆ ಬಂದು ಏನು ಮಾಡಿದ ಗೊತ್ತಾ? 1839ರಲ್ಲಿ ಪ್ರಯೋಗಕ್ಕೆ ಅಂತ ಟೆಲಿಗ್ರಾಫ್ ತಂತಿ ಎಳೆದ. ಮುಂದೆ ಭಾರತದ ಟೆಲಿಗ್ರಾಫ್ ಜಾಲ ಕಟ್ಟಿದವನೂ ಅವನೇ. ಒಂದು ಕೈಯಲ್ಲಿ ಸಲೈನ್, ಇನ್ನೊಂದರಲ್ಲಿ ವೈರು!

ಈಗ ಲೋಡ್ ಸೆಲ್ ಬರುವ ತನಕ ಅಡುಗೆಮನೆ ತಕ್ಕಡಿಯಲ್ಲಿ ಪಾತ್ರೆ ತೂಗುತ್ತ, ಬೇರೆ ಬೇರೆ ವೇಗಕ್ಕೆ ಹನಿಯ ಗಾತ್ರದ ಕೋಷ್ಟಕ ಮಾಡುತ್ತಿದ್ದೇನೆ. ಎರಡು ಹನಿಗಳ ನಡುವಿನ ಅಂತರ ನೋಡಿ ಕೋಡ್ ತಾನೇ ಮಿಲಿ ಹೇಳಬೇಕು. ಸಲೈನ್‌ಗೆ ಮಾಡಿದ ಕೋಷ್ಟಕ ಡೆಕ್ಸ್‌ಟ್ರೋಸ್‌ಗೆ (ಸಕ್ಕರೆ ಡ್ರಿಪ್‌ಗೆ) ಹೊಂದುತ್ತಾ ಅನ್ನುವುದು ಆಮೇಲಿನ ತಲೆನೋವು. ತೂಕದಲ್ಲಿ ಇನ್ನೊಂದು ಕಿರಿಕಿರಿಯೂ ಕಾದಿದೆ: ಪೈಪ್ ಸ್ವಲ್ಪ ಎಳೆದರೂ ಬಾಟಲಿಯ ತೂಕ ಗ್ರಾಂಗಟ್ಟಲೆ ಹಾರುತ್ತದೆ. ಚೇಂಬರ್ ಕೆಳಗೆ ಪೈಪನ್ನು ಒಂದು ಸುತ್ತು ಸಡಿಲ ಬಿಟ್ಟು ಸ್ಟ್ಯಾಂಡಿಗೆ ಕ್ಲಿಪ್ ಹಾಕುವ ಯೋಚನೆ ಇದೆ. ಕ್ಲಿಪ್ ಪ್ರಿಂಟ್‌ಗೆ ಹಾಕಿದ್ದೇನೆ, ಕರೆಂಟ್ ಹೋಗದಿದ್ದರೆ ಇವತ್ತು ರಾತ್ರಿ ಮುಗಿಯುತ್ತದೆ. ಚೇಂಬರ್‌ಗೆ ಕಚ್ಚುವ ಎರಡು ಬೀಮಿನ ಕ್ಲಿಪ್‌ನ ಪ್ರಿಂಟ್ ಫೈಲ್ ಬೇಕಾದವರು ಕೇಳಿ, ಕಳಿಸುತ್ತೇನೆ. ಆದರೆ ನಿಮ್ಮ ಚೇಂಬರ್‌ನ ಹೊರ ಅಳತೆ ಮೊದಲು ಕ್ಯಾಲಿಪರ್‌ನಲ್ಲಿ ನೋಡಿಕೊಳ್ಳಿ. ಒಂದೇ ಕಂಪನಿಯ ಸೆಟ್‌ಗಳೂ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತಿವೆ.