ಮದುವೆ ಮನೆಯ ಬಾವಲಿಗಳು

ಹಾಂಗ್‌ಕಾಂಗ್‌ಗೆ ಬಂದು ಮೂರು ವರ್ಷವಾದರೂ ಇಲ್ಲಿನ ದೊಡ್ಡ ಚೀನೀ ಹೋಟೆಲಿಗೆ ಕಾಲಿಟ್ಟಿರಲಿಲ್ಲ. ಸಸ್ಯಾಹಾರಿಗೆ ಅಲ್ಲೇನು ಕೆಲಸ, ಅಲ್ವಾ? ಹೋದ ತಿಂಗಳು ಆಫೀಸಿನ ಹಿರಿಯರೊಬ್ಬರ ಮಗಳ ಮದುವೆ ಊಟಕ್ಕೆ ಹೋಗಲೇಬೇಕಾಯಿತು.

ಕರೆಯೋಲೆಯಲ್ಲಿ ಆರು ಗಂಟೆ. ಊಟ ಶುರುವಾಗಿದ್ದು ಎಂಟೂವರೆಗೆ! ಅಲ್ಲಿಯವರೆಗೆ ದೊಡ್ಡವರೆಲ್ಲ ಮಾಜಾಂಗ್ ಆಡಿದರು, ನಾನು ಸುಮ್ನೆ ಗೋಡೆ ನೋಡಿದೆ. ವೇದಿಕೆಯ ಹಿಂದೆ ಕೆಂಪು ಗೋಡೆ, ಅದರ ಮೇಲೆ ಬಂಗಾರದ ಬಣ್ಣದ ಡ್ರ್ಯಾಗನ್ ಮತ್ತು ಫೀನಿಕ್ಸ್ ಹಕ್ಕಿ. ಗಂಡು ಹೆಣ್ಣಿನ ಜೋಡಿ. ಇವರ ಡ್ರ್ಯಾಗನ್ ಬೆಂಕಿ ಉಗುಳುವುದಿಲ್ಲ, ಮಳೆ ತರುತ್ತದೆ.

ಚಾವಣಿಯ ಅಂಚಿಗೆ ಐದೈದು ಚಿಟ್ಟೆಗಳ ಗುಂಪು. ಚೆನ್ನಾಗಿವೆ ಎಂದೆ. ಪಕ್ಕದ ಸಹೋದ್ಯೋಗಿ ನಕ್ಕಳು. ಚಿಟ್ಟೆಯಲ್ಲ, ಬಾವಲಿ!

ನಮ್ಮೂರಲ್ಲಿ ಬಾವಲಿ ಮನೆಯೊಳಗೆ ಬಂದರೆ ಅಜ್ಜಿ ಪುರೋಹಿತರಿಗೆ ಹೇಳಿ ಕಳಿಸುತ್ತಿದ್ದರು. ಇಲ್ಲಿ ಮದುವೆ ಮನೆಯಲ್ಲೇ ಕೂರಿಸಿದ್ದಾರೆ. ಕಾರಣ ಬರೀ ಸದ್ದು. ಇಲ್ಲಿನ ಮಾತು ಕಾಂಟನೀಸ್‌ನಲ್ಲಿ ಬಾವಲಿಯ ಹೆಸರಿನಲ್ಲಿರುವ 'ಫುಕ್', ಸೌಭಾಗ್ಯದ 'ಫುಕ್' ಎರಡರ ಉಚ್ಚಾರವೂ ಒಂದೇ. ತಲೆಕೆಳಗಾಗಿ ಕೆತ್ತಿದರೆ ಇನ್ನೂ ಒಳ್ಳೆಯದು. 'ತಲೆಕೆಳಗು', 'ಬಂತು' ಅನ್ನುವ ಮಾತುಗಳೂ ಒಂದೇ ಥರ ಕೇಳುತ್ತವಲ್ಲ, ಭಾಗ್ಯ ಬಂತು ಅಂತ ಲೆಕ್ಕ. ಮೀನಿನ ಚಿತ್ರವೂ ಹಾಗೆಯೇ, ಅದರ ಹೆಸರು 'ಮಿಗುವಷ್ಟಿರಲಿ' ಅಂದಂತೆ ಕೇಳುತ್ತದೆ.

ಐದು ಬಾವಲಿ ಅಂದರೆ ಐದು ಭಾಗ್ಯ. ದೀರ್ಘಾಯುಷ್ಯ, ಸಿರಿ, ಆರೋಗ್ಯ ನೆಮ್ಮದಿ, ಒಳ್ಳೆಯ ನಡತೆ. ಐದನೆಯದು ಆಯುಸ್ಸು ತುಂಬಿದ ಮೇಲೆ ನರಳದೆ ಬರುವ ಸಾವು. ಅಜ್ಜಿ ದೇವರ ಮುಂದೆ ಹೇಳುತ್ತಿದ್ದ 'ಅನಾಯಾಸೇನ ಮರಣಂ' ನೆನಪಾಯಿತು. ನಾಲ್ಕು ಅನ್ನುವ ಪದ 'ಸಾವು' ಅಂತ ಕೇಳುತ್ತದೆಂದು ಎಷ್ಟೋ ಕಟ್ಟಡಗಳ ಲಿಫ್ಟಿನಲ್ಲಿ 4, 14ನೇ ಮಹಡಿಯನ್ನೇ ಬಿಟ್ಟಿರುವ ಊರು ಇದು. ಅದೇ ಜನ ಮದುವೆ ಗೋಡೆಗೆ ಒಳ್ಳೆಯ ಸಾವನ್ನೂ ಕೆತ್ತಿಸುತ್ತಾರೆ!

ಇಂಥ ಅಲಂಕಾರ ಜಾಸ್ತಿ ಅಂತ ನಿಮಗನ್ನಿಸಿದರೆ, ಇಲ್ಲಿನ ಅಬರ್ಡೀನ್ ಬಂದರಿನಲ್ಲಿದ್ದ ಜಂಬೋ ತೇಲುವ ಹೋಟೆಲಿನ ಫೋಟೋ ಹುಡುಕಿ ನೋಡಿ. ಚಕ್ರವರ್ತಿಯ ಅರಮನೆಯ ಹಾಗೆ ಕಟ್ಟಿ 1976ರಲ್ಲಿ ತೆರೆದದ್ದು. ಕೋವಿಡ್‌ನಲ್ಲಿ ಮುಚ್ಚಿತು. 2022ರ ಜೂನ್‌ನಲ್ಲಿ ಬೇರೆಡೆಗೆ ಎಳೆದೊಯ್ಯುವಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಮಗುಚಿಕೊಂಡಿತು.

ಊಟದ ಮೇಜಿಗೆ ಇಡೀ ಮೀನು ಬಂತು. ಮೇಲ್ಭಾಗ ಮುಗಿದ ಮೇಲೂ ಯಾರೂ ಅದನ್ನು ಮಗುಚಲಿಲ್ಲ, ಮುಳ್ಳು ಎತ್ತಿ ಕೆಳಭಾಗ ತಿಂದರು. ಮೀನು ಮಗುಚಿದರೆ ದೋಣಿ ಮಗುಚುತ್ತದಂತೆ. ನಾನು ಅಣಬೆ ಮತ್ತು ಸೊಪ್ಪಿನಲ್ಲೇ ಹೊಟ್ಟೆ ತುಂಬಿಸಿಕೊಂಡೆ.

ರಾತ್ರಿ ಅಮ್ಮನಿಗೆ ಬಾವಲಿಗಳ ಫೋಟೋ ಕಳಿಸಿದೆ. "ಚಿಟ್ಟೆ ಎಷ್ಟು ಚೆನ್ನಾಗಿವೆ ಕಣೋ" ಎಂದರು. ನಾನು ತಿದ್ದಲು ಹೋಗಲಿಲ್ಲ.